ಸವೆದ ಈಜುಕೊಳಕ್ಕೆ ಹೊಸ ಮೈ: ಸೆಕೆಯೂ ತೇವವೂ ಜಾಸ್ತಿ ಇರುವ ಕಡೆ ಮಾಡುವುದು ಹೇಗೆ?

ಕೊಳದ ಮೈ ಹಾಳಾಗಿದೆ ಅಂತ ಮೊದಲು ಹೇಳುವುದು ಅಂಗಾಲು. ಈಜಿ ಮೇಲೆ ಬಂದ ಮಕ್ಕಳು ಹೆಬ್ಬೆರಳು ಹಿಡಿದುಕೊಂಡು ‘ಉರೀತಿದೆ’ ಅನ್ನುತ್ತಾರೆ. ಮೆಟ್ಟಿಲ ಮೇಲೆ ಕೂತು ಎದ್ದವರ ಈಜುಡುಗೆಯಲ್ಲಿ ನೂಲು ಎದ್ದಿರುತ್ತದೆ. ಆಮೇಲೆ ಕಣ್ಣಿಗೂ ಬೀಳಲು ಶುರುವಾಗುತ್ತದೆ. ಎಷ್ಟು ಉಜ್ಜಿದರೂ ಹೋಗದ ಕಂದು ಕಲೆ, ಒರಟು ಜಾಗದಲ್ಲೇ ಮತ್ತೆ ಮತ್ತೆ ಹಿಡಿಯುವ ಪಾಚಿ, ಬಿಳಿ ಗಾರೆಯ ಕೆಳಗಿಂದ ಇಣುಕುವ ಬೂದು ಕಾಂಕ್ರೀಟು.

ಬಿಳಿ ಸಿಮೆಂಟಿಗೆ ಅಮೃತಶಿಲೆ ಪುಡಿ ಬೆರೆಸಿ ಬಳಿದ ಗಾರೆ ಸಾಮಾನ್ಯವಾಗಿ 7ರಿಂದ 12 ವರ್ಷ ಬಾಳುತ್ತದೆ. ಸೆಕೆ ಊರುಗಳಲ್ಲಿ ಕೊಳಕ್ಕೆ ಚಳಿಗಾಲದ ರಜೆ ಅಂತ ಇಲ್ಲ. ವರ್ಷವಿಡೀ ಈಜು, ವರ್ಷವಿಡೀ ಕ್ಲೋರಿನ್ ಮತ್ತು ಆಸಿಡ್. ಹಾಗಾಗಿ ನೀರನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಗಾರೆ ಇನ್ನೂ ಬೇಗ ಸವೆಯುತ್ತದೆ.

ಈ ಕೆಲಸಕ್ಕೆ ಕೈ ಹಾಕುವವರು ಯಾವ ಗಾರೆ, ಯಾವ ಬಣ್ಣ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ನಾನು ಕಂಡ ಮಟ್ಟಿಗೆ ಕೆಲಸ ಕೆಡುವುದು ಅಲ್ಲಿ ಅಲ್ಲ, ನೀರಿನಲ್ಲಿ. ಕೊಳದ ಕೆಳಗಿನ ಮಣ್ಣಲ್ಲಿರುವ ನೀರು, ಗಾರೆಗೆ ಬೆರೆಸುವ ನೀರು, ಗಾಳಿಯಲ್ಲಿ ತೇಲುವ ನೀರು, ಕೊನೆಗೆ ಪೈಪಿಂದ ತುಂಬುವ ನೀರು. ಈ ನಾಲ್ಕನ್ನು ಹಿಡಿತದಲ್ಲಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಸೋರಿಕೆ ನೋಡಿ

ಸೋರುವ ಕೊಳಕ್ಕೆ ಹೊಸ ಗಾರೆ ಬಳಿದರೆ ಸೋರಿಕೆ ನಿಲ್ಲುವುದಿಲ್ಲ. ಕೊಳ ಖಾಲಿ ಮಾಡುವ ಮುಂಚೆಯೇ ಇದನ್ನು ನೋಡಿಕೊಳ್ಳಿ, ಖಾಲಿಯಾದ ಮೇಲೆ ಗೊತ್ತಾಗುವುದಿಲ್ಲ.

ಒಂದು ಬಕೆಟ್‌ಗೆ ಕೊಳದ ನೀರನ್ನೇ ತುಂಬಿ ನೀರಿನೊಳಗಿನ ಮೆಟ್ಟಿಲ ಮೇಲೆ ಇಡಿ. ಬಕೆಟ್ ಒಳಗಿನ ಮಟ್ಟಕ್ಕೆ ಒಂದು ಗೆರೆ, ಹೊರಗೆ ಕೊಳದ ಮಟ್ಟಕ್ಕೆ ಇನ್ನೊಂದು ಗೆರೆ ಎಳೆಯಿರಿ. 24 ಗಂಟೆ ಬಿಟ್ಟು ನೋಡಿ. ಎರಡೂ ಒಂದೇ ಅಳತೆ ಇಳಿದಿದ್ದರೆ ಅದು ಬಿಸಿಲಿಗೆ ಆರಿದ ನೀರು. ಕೊಳದ ಮಟ್ಟ ಜಾಸ್ತಿ ಇಳಿದಿದ್ದರೆ ಸೋರಿಕೆ ಇದೆ. ಒಂದು ದಿನ ಪಂಪ್ ಓಡಿಸಿ, ಇನ್ನೊಂದು ದಿನ ನಿಲ್ಲಿಸಿ ಈ ಪರೀಕ್ಷೆ ಮಾಡಿ. ಪಂಪ್ ಓಡುವಾಗ ಮಾತ್ರ ಜಾಸ್ತಿ ಇಳಿದರೆ ಪೈಪಿನ ಮೇಲೆ ಅನುಮಾನ ಪಡಿ. ಎರಡೂ ದಿನ ಒಂದೇ ಥರ ಇಳಿದರೆ ಬಿರುಕು, ದೀಪದ ಗೂಡು, ಸ್ಕಿಮ್ಮರ್ (ನೀರಿನ ಮೇಲಿನ ಕಸ ಎಳೆದುಕೊಳ್ಳುವ ಗೋಡೆಯ ಬಾಯಿ) ಸುತ್ತಲಿನ ಸಂದು, ತಳದ ಡ್ರೇನ್ ಇವುಗಳನ್ನು ನೋಡಿ.

ಬರೀ ಕಲೆ ಇದ್ದು ಮೈ ನುಣ್ಣಗಿದ್ದರೆ ಹೊಸ ಗಾರೆ ಬೇಡ. ಆಸಿಡ್ ವಾಶ್ ಸಾಕು. ಆದರೆ ಅದೂ ಗಾರೆಯ ಒಂದು ತೆಳು ಪದರ ತಿಂದೇ ಬಿಳಿ ಮಾಡುತ್ತದೆ. ಒಂದೆರಡು ಸಲಕ್ಕಿಂತ ಜಾಸ್ತಿ ಮಾಡಿಸಬೇಡಿ.

ಯಾವ ಮೈ?

ಸಾದಾ ಬಿಳಿ ಗಾರೆ ಎಲ್ಲಕ್ಕಿಂತ ಅಗ್ಗ, ಕಾಲಿಗೆ ನುಣುಪು, ಆದರೆ ಬೇಗ ಸವೆಯುತ್ತದೆ. ಗಾರೆಯಲ್ಲಿ ಕ್ವಾರ್ಟ್ಜ್ ಹರಳು ಅಥವಾ ಸಣ್ಣ ಬೆಣಚುಕಲ್ಲು ಸೇರಿಸಿದ್ದು 15–20 ವರ್ಷದ ತನಕ ಬರುತ್ತದೆ. ಆಸಿಡ್ ತಿನ್ನುವುದು ಸಿಮೆಂಟನ್ನು, ಕ್ವಾರ್ಟ್ಜ್ ಹರಳನ್ನು ಅದು ಮುಟ್ಟುವುದಿಲ್ಲ. ಅಮೃತಶಿಲೆ ಪುಡಿ ಹಾಗಲ್ಲ, ಸಿಮೆಂಟಿನ ಜೊತೆ ಅದೂ ಕರಗುತ್ತದೆ. ವರ್ಷವಿಡೀ ಬಳಸುವ ಕೊಳಕ್ಕೆ ನನ್ನ ಓಟು ಕ್ವಾರ್ಟ್ಜ್ ಗಾರೆಗೆ. ಬೆಣಚುಕಲ್ಲಿನದು ಇನ್ನೂ ಗಟ್ಟಿ, ಆದರೆ ಕಾಲಿಗೆ ಸ್ವಲ್ಪ ಚುಚ್ಚುತ್ತದೆ. ಮಾದರಿ ತುಂಡಿನ ಮೇಲೆ ಬರಿಗಾಲಲ್ಲಿ ನಿಂತು ನೋಡಿಯೇ ಒಪ್ಪಿಕೊಳ್ಳಿ.

ಟೈಲ್ಸ್ ಎಲ್ಲಕ್ಕಿಂತ ಹೆಚ್ಚು ಬಾಳುತ್ತದೆ, ಖರ್ಚೂ ಹಾಗೇ. ಅದರ ದಾರಿಯೇ ಬೇರೆ, ಕೊನೆಗೆ ಹೇಳುತ್ತೇನೆ. ಪೇಂಟ್ ಅಂದರೆ ಕೆಲವೇ ವರ್ಷದ ಮಾತು. ಫೈಬರ್ ಕೊಳ ಮತ್ತು ವಿನೈಲ್ ಹಾಳೆಯ ಕೊಳಕ್ಕೆ ಸಿಮೆಂಟ್ ಗಾರೆ ಹಿಡಿಯುವುದೇ ಇಲ್ಲ. ಅವಕ್ಕೆ ಈ ಲೇಖನ ಹೊಂದುವುದಿಲ್ಲ.

ಎಷ್ಟು ಸಾಮಾನು ಬೇಕು ಅಂತ ಲೆಕ್ಕ ಹಾಕುವುದು ಸುಲಭ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳ ಅಂದುಕೊಳ್ಳಿ. ತಳ 32 ಚದರ ಮೀಟರ್. ಸುತ್ತಳತೆ 24 ಮೀಟರ್, ಅದಕ್ಕೆ 1.4 ಆಳ ಅಂದರೆ ಗೋಡೆ 33.6. ಒಟ್ಟು ಸುಮಾರು 66 ಚದರ ಮೀಟರ್. 12 ಮಿಲಿಮೀಟರ್ ದಪ್ಪಕ್ಕೆ ಸುಮಾರು 0.8 ಘನ ಮೀಟರ್ ಗಾರೆ. ಹಳೇ ಮೈಯ ಗುಂಡಿಗಳು ನುಂಗುವ ಪಾಲು, ಚೆಲ್ಲುವ ಪಾಲು ಅಂತ ಶೇಕಡಾ 10ರಿಂದ 15 ಸೇರಿಸಿ. ಬಣ್ಣದ ಗಾರೆಯಾದರೆ ಎಲ್ಲ ಚೀಲವೂ ಒಂದೇ ಬ್ಯಾಚಿನದಿರಲಿ. ಬ್ಯಾಚ್ ಬದಲಾದರೆ ಬಣ್ಣ ಸ್ವಲ್ಪ ಹಿಂದುಮುಂದಾಗುತ್ತದೆ, ಆ ಗೆರೆ ಕೊನೇ ತನಕ ಕಣ್ಣಿಗೆ ಹೊಡೆಯುತ್ತದೆ.

ಚೀಲ ಮನೆಗೆ ಬಂದ ಮೇಲೆ ನೆಲದ ಮೇಲೆ ಪೇರಿಸಬೇಡಿ. ತೇವದ ಗಾಳಿಯೇ ಸಿಮೆಂಟನ್ನು ಒಳಗೊಳಗೆ ಗಟ್ಟಿ ಮಾಡುತ್ತದೆ. ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ದೂರ, ಪ್ಲಾಸ್ಟಿಕ್ ಹೊದಿಸಿ ಇಡಿ. ಬಳಸುವ ದಿನ ಚೀಲದ ಮೂಲೆ ಹಿಸುಕಿ ನೋಡಿ. ಬೆರಳಲ್ಲಿ ಪುಡಿಯಾಗದ ಗಂಟು ಸಿಕ್ಕಿದರೆ ಆ ಚೀಲ ಬೇಡ.

ಕಾಲ ನೋಡಿ ಖಾಲಿ ಮಾಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇಡೀ ಕೆಲಸದಲ್ಲಿ ಕೊಳವನ್ನೇ ಕಳೆದುಕೊಳ್ಳುವ ಅಪಾಯ ಇರುವುದು ಇದೊಂದೇ ಹಂತದಲ್ಲಿ.

ಖಾಲಿ ಕೊಳ ಅಂದರೆ ಮಣ್ಣಲ್ಲಿ ಹೂತಿಟ್ಟ ದೋಣಿ. ಸುತ್ತಲ ಮಣ್ಣಲ್ಲಿ ನೀರು ಮೇಲೆ ಬಂದರೆ ಅದು ತೇಲಲು ನೋಡುತ್ತದೆ. ಅಂತರ್ಜಲ ಕೊಳದ ತಳಕ್ಕಿಂತ ಒಂದು ಮೀಟರ್ ಮೇಲಿದ್ದರೆ ತಳದ ಪ್ರತಿ ಚದರ ಮೀಟರನ್ನು ಸುಮಾರು ಒಂದು ಟನ್ ಬಲ ಮೇಲಕ್ಕೆ ನೂಕುತ್ತದೆ. 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ತಳದ ತೂಕವೋ ಚದರ ಮೀಟರಿಗೆ ಸುಮಾರು 360 ಕಿಲೊ. ಲೆಕ್ಕ ಯಾರ ಕಡೆಗಿದೆ ನೋಡಿ. ಕೊಳ ತುಂಬಿರುವಾಗ ಒಳಗಿನ ನೀರೇ ಅದನ್ನು ಅದುಮಿ ಹಿಡಿದಿರುತ್ತದೆ. ನಾವು ಆ ಭಾರ ತೆಗೆದ ಕೂಡಲೇ ತಳ ಬಿರಿಯಬಹುದು, ಇಡೀ ತೊಟ್ಟಿಯೇ ಒಂದು ಕಡೆ ಎದ್ದು ನಿಲ್ಲಬಹುದು. ಹಾಗೆ ಎದ್ದ ಕೊಳವನ್ನು ಮತ್ತೆ ಕೂರಿಸಲು ಆಗುವುದಿಲ್ಲ.

ಅದಕ್ಕೇ ಮಳೆಗಾಲದಲ್ಲೂ, ಮಳೆ ನಿಂತು ಕೆಲವು ವಾರಗಳ ತನಕವೂ ಖಾಲಿ ಮಾಡಬೇಡಿ. ಮೇಲಿನ ಮಣ್ಣು ಒಣಗಿ ಧೂಳೆದ್ದರೂ ಕೆಳಗೆ ನೀರು ಇನ್ನೂ ಮೇಲೇ ಇರಬಹುದು. ಹತ್ತಿರ ತೆರೆದ ಬಾವಿ ಇದ್ದರೆ ಅದರ ಮಟ್ಟ ನೋಡಿ. ಇಲ್ಲದಿದ್ದರೆ ಕೊಳದಿಂದ ಸ್ವಲ್ಪ ದೂರದಲ್ಲಿ, ಕೊಳದ ತಳಕ್ಕಿಂತ ಆಳಕ್ಕೆ ಸಣ್ಣ ಗುಂಡಿ ಕೊರೆಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅದರಲ್ಲಿ ನೀರು ನಿಂತಿದ್ದರೆ ಕೆಲಸ ಮುಂದೂಡಿ.

ಅನೇಕ ಕೊಳಗಳ ತಳದ ಡ್ರೇನ್ ಗುಂಡಿಯಲ್ಲಿ ಒತ್ತಡ ಬಿಡುವ ಒಂದು ವಾಲ್ವ್ ಇರುತ್ತದೆ. ಹೊರಗಿನ ನೀರಿನ ಒತ್ತಡ ಜಾಸ್ತಿಯಾದರೆ ಅದು ತೆರೆದು ನೀರನ್ನು ಒಳಗೆ ಬಿಡುತ್ತದೆ. ವರ್ಷಗಟ್ಟಲೆ ಮುಟ್ಟದ ವಾಲ್ವ್ ಕಚ್ಚಿಕೊಂಡಿರುವುದೇ ಜಾಸ್ತಿ. ಅದನ್ನೇ ನಂಬಿ ಕೂರಬೇಡಿ. ಖಾಲಿಯಾದ ಕೂಡಲೇ ಬಿಚ್ಚಿಸಿ ನೋಡಿ, ಹಾಳಾಗಿದ್ದರೆ ಹೊಸದು ಹಾಕಿಸಿ.

ಹೊರಹಾಕುವ ನೀರಿನಲ್ಲಿ ಕ್ಲೋರಿನ್ ಇರಬಾರದು. ಕೆಲವು ದಿನ ಕ್ಲೋರಿನ್ ಹಾಕದೆ ಬಿಸಿಲಿಗೆ ಬಿಟ್ಟು, ಟೆಸ್ಟ್ ಕಿಟ್‌ನಲ್ಲಿ ಸೊನ್ನೆ ಬಂದ ಮೇಲೆ ನೀರೆತ್ತುವ ಬೇರೆ ಪಂಪ್ ಹಚ್ಚಿ. ಉಪ್ಪುನೀರಿನ ಕೊಳವಾದರೆ ಗಿಡಗಳಿಗೆ ಬಿಡಬೇಡಿ. ನೀರನ್ನು ಕೊಳದ ಪಕ್ಕದಲ್ಲೇ ಸುರಿದರೆ ಅದೇ ನೀರು ಕೆಳಗಿಳಿದು ತಳವನ್ನು ನೂಕುತ್ತದೆ, ದೂರ ಕಳಿಸಿ. ನೀರೊಳಗಿನ ದೀಪದ ಮತ್ತು ಕೊಳದ ಪಂಪಿನ ಕರೆಂಟನ್ನು ಮೊದಲೇ ತೆಗೆಸಿ. ದೀಪ ತಣ್ಣಗಿರುವುದು ನೀರಿನಿಂದ, ಒಣಗಿದಾಗ ಉರಿದರೆ ಸುಟ್ಟುಹೋಗುತ್ತದೆ.

ಇನ್ನೊಂದು ಮಾತು. ಖಾಲಿ ಕೊಳ ತುಂಬಿದ ಕೊಳದಷ್ಟೇ ಅಪಾಯ. ಸುತ್ತ ಹಗ್ಗ ಕಟ್ಟಿ, ರಾತ್ರಿ ಒಂದು ದೀಪ ಇರಲಿ. ಡೀಸೆಲ್, ಪೆಟ್ರೋಲ್ ಎಂಜಿನ್ ಯಾವುದನ್ನೂ ಗುಂಡಿಯೊಳಗೆ ಇಳಿಸಬೇಡಿ. ಅದರ ಹೊಗೆ ಅಲ್ಲೇ ತುಂಬಿಕೊಳ್ಳುತ್ತದೆ.

ಕೆತ್ತುವುದು, ತಟ್ಟಿ ನೋಡುವುದು

ಸಣ್ಣ ಸುತ್ತಿಗೆ ಹಿಡಿದು ಕೊಳಕ್ಕೆ ಇಳಿಯಿರಿ. ಗೋಡೆಯನ್ನು ಒಂದು ಗೇಣಿಗೊಮ್ಮೆ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ‘ಠಣ್’ ಅಂತ ಬರುತ್ತದೆ, ಸುತ್ತಿಗೆ ಕೈಗೆ ಪುಟಿಯುತ್ತದೆ. ಬಿಟ್ಟುಕೊಂಡ ಕಡೆ ‘ಬದ್’ ಅನ್ನುತ್ತದೆ, ಒಳಗೆ ಗಾಳಿ ಇದ್ದ ಹಾಗೆ. ಪೊಳ್ಳು ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಅರ್ಧ ಗಂಟೆಯಲ್ಲಿ ಕೊಳದ ನಕ್ಷೆಯೇ ಸಿಗುತ್ತದೆ. ಮೇಸ್ತ್ರಿ ಬರುವ ಮುಂಚೆ ಇದನ್ನು ನೀವೇ ಮಾಡಿ ಫೋಟೊ ತೆಗೆದಿಡಿ. ‘ಸುಮ್ನೆ ಮೇಲೆ ಬಳಿದ್ರೆ ಸಾಕು’ ಅಂತ ಯಾರಾದರೂ ಹೇಳಿದಾಗ ತೋರಿಸಲು ಬೇಕಾಗುತ್ತದೆ.

ಪೊಳ್ಳು ಅಲ್ಲೊಂದು ಇಲ್ಲೊಂದು ಇದ್ದರೆ ಅಷ್ಟನ್ನೇ ಕೆತ್ತಿ ತುಂಬಬಹುದು. ಕಾಲು ಭಾಗಕ್ಕಿಂತ ಜಾಸ್ತಿ ಇದ್ದರೆ ನಾನು ಇಡೀ ಮೈ ಕೆತ್ತಿಸುತ್ತೇನೆ. ಈಗಾಗಲೇ ಎರಡು ಪದರ ಗಾರೆ ಇದ್ದರಂತೂ ಯೋಚನೆಯೇ ಬೇಡ, ಪೂರ್ತಿ ತೆಗೆಸಿ. ಕೆಳಗಿನ ಪದರ ಬಿಟ್ಟುಕೊಂಡರೆ ಮೇಲಿನದೂ ಅದರ ಜೊತೆ ಬರುತ್ತದೆ, ಅಲ್ವಾ?

ಪೂರ್ತಿ ಕೆತ್ತದಿದ್ದರೂ ಒಂದು ಕೆಲಸ ಬಿಡಬೇಡಿ. ನೀರಿನ ಗೆರೆಯ ಟೈಲ್ಸ್ ಕೆಳಗೆ, ದೀಪ, ಡ್ರೇನ್, ನೀರು ಬರುವ ಬಾಯಿಗಳ ಸುತ್ತ ಗ್ರೈಂಡರ್‌ನಲ್ಲಿ ಗೀರು ಹಾಕಿ ಹಳೇ ಗಾರೆಯನ್ನು 10–12 ಮಿಲಿಮೀಟರ್ ಆಳಕ್ಕೆ ತೆಗೆಸಿ. ಇಲ್ಲದಿದ್ದರೆ ಹೊಸ ಗಾರೆ ಅಂಚಿನಲ್ಲಿ ಕಾಗದದಷ್ಟು ತೆಳ್ಳಗಾಗಿ ಮುಗಿಯುತ್ತದೆ. ಮೊದಲು ಏಳುವುದು ಆ ತೆಳು ಅಂಚೇ.

ಕೆತ್ತುವವರು ಬಟ್ಟೆ ಕಟ್ಟಿಕೊಂಡರೆ ಸಾಲದು. ಕಾಂಕ್ರೀಟ್ ಧೂಳಿನ ಸಿಲಿಕಾ ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಒಳ್ಳೇ ಧೂಳಿನ ಮಾಸ್ಕ್, ಕನ್ನಡಕ ಕೊಡಿ. ಒದ್ದೆ ಜಾಗದಲ್ಲಿ ಗ್ರೈಂಡರ್ ಓಡುವುದರಿಂದ 30 ಮಿಲಿಆಂಪಿಗೆ ಬೀಳುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರುವ ಲೈನಿನಿಂದಲೇ ಕರೆಂಟ್ ಕೊಡಿಸಿ. ಸೆಕೆಯಲ್ಲಿ ಖಾಲಿ ಕೊಳ ಬಾಣಲೆಯ ಹಾಗೆ ಕಾಯುತ್ತದೆ. ಕೆತ್ತುವ ಕೆಲಸ ಬೆಳಿಗ್ಗೆ ಮತ್ತು ಸಂಜೆಗೆ ಇಡಿ.

ಕೆತ್ತಿದ ಮೇಲೆ ಪ್ರೆಶರ್ ವಾಶರ್‌ನಲ್ಲಿ ಚೆನ್ನಾಗಿ ತೊಳೆಸಿ. ಎಣ್ಣೆ, ಪಾಚಿ, ಹಳೇ ಪೇಂಟ್ ಉಳಿದಿದ್ದರೆ ಆಸಿಡ್ ಬೇಕಾಗಬಹುದು. ಯಾವಾಗಲೂ ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್‌ಗೆ ನೀರಲ್ಲ. ಕ್ಲೋರಿನ್ ಡಬ್ಬ ಹತ್ತಿರ ಕೂಡ ಇರಬಾರದು. ಎರಡೂ ಸೇರಿದರೆ ವಿಷದ ಗಾಳಿ ಬರುತ್ತದೆ, ಗುಂಡಿಯಲ್ಲಿ ಅದು ತಳದಲ್ಲೇ ನಿಲ್ಲುತ್ತದೆ. ಆಮೇಲೆ ಸೋಡಾ ಆ್ಯಶ್ ನೀರಲ್ಲಿ ತೊಳೆದು ಆಸಿಡ್ ಮುರಿಯಿರಿ.

ಬಿರುಕು

ಕೂದಲೆಳೆಯ ಬಿರುಕು ಗಾರೆಯಲ್ಲೇ ಮುಗಿದಿದ್ದರೆ ಕೆತ್ತಿದಾಗ ಮಾಯವಾಗಿರುತ್ತದೆ. ಕಾಂಕ್ರೀಟಿನಲ್ಲೂ ಮುಂದುವರಿದಿದ್ದರೆ ಅಗಲಿಸಿ, ಧೂಳು ಊದಿ, ಬೇಗ ಗಟ್ಟಿಯಾಗುವ ಹೈಡ್ರಾಲಿಕ್ ಸಿಮೆಂಟ್ ತುಂಬಬೇಕು. ತಳದಿಂದ ಗೋಡೆ ಹತ್ತಿ ಅಂಚಿನ ತನಕ ಹೋದ ಬಿರುಕು, ಅಥವಾ ಒಂದು ಪಕ್ಕ ಇನ್ನೊಂದಕ್ಕಿಂತ ತಗ್ಗಿದ ಬಿರುಕು ಬೇರೆ ಜಾತಿ. ಕೊಳ ಇನ್ನೂ ಅಲುಗುತ್ತಿದೆ ಅಂತ ಅರ್ಥ. ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ. ತುಕ್ಕು ನೀರು ಸುರಿದ ಕಲೆ ಕಂಡರೆ ಒಳಗಿನ ಕಂಬಿ ಹೊರಗೆ ಬಂದಿದೆ. ಅದನ್ನು ಕೆತ್ತಿ, ತುಕ್ಕು ಉಜ್ಜಿ, ತುಕ್ಕುನಿರೋಧಕ ಬಳಿದು ಮುಚ್ಚದಿದ್ದರೆ ಹೊಸ ಗಾರೆಯ ಮೇಲೂ ಅದೇ ಕಲೆ ಬರುತ್ತದೆ.

ಡ್ರೇನ್ ಮುಚ್ಚಳ ಹಳೆಯದಾಗಿದ್ದರೆ ಈಗಲೇ ಬದಲಿಸಿ. ಮಕ್ಕಳ ಕೂದಲು, ಕೈ ಎಳೆದುಕೊಳ್ಳದಂಥ ಮುಚ್ಚಳಗಳು ಬರುತ್ತವೆ.

ಗಾರೆ ಬಳಿಯುವ ದಿನ

ಹಳೇ ಮೈಯನ್ನು ಪೂರ್ತಿ ತೆಗೆಯದಿದ್ದರೆ ಅದರ ಮೇಲೆ ಬಾಂಡ್ ಕೋಟ್ ಬೇಕು. ಒರಟು ಮರಳು ಬೆರೆತ, ಪಾಲಿಮರ್ ಸೇರಿಸಿದ ಸಿಮೆಂಟ್ ಪದರ ಅದು. ಒಣಗಿದ ಮೇಲೆ ಮರಳುಕಾಗದದ ಹಾಗೆ ಕೈಗೆ ಹತ್ತಬೇಕು.

ಗಾರೆಯ ಹಿಂದಿನ ರಾತ್ರಿ ಮೈಗೆ ಚೆನ್ನಾಗಿ ನೀರು ಕುಡಿಸಿ. ಒಣ ಕಾಂಕ್ರೀಟ್ ಹೊಸ ಗಾರೆಯ ನೀರನ್ನು ಹೀರಿಬಿಡುತ್ತದೆ, ಗಾರೆ ಹಿಡಿಯುವ ಮುಂಚೆ ಬಾಡುತ್ತದೆ. ಬೆಳಿಗ್ಗೆ ನಿಂತ ನೀರೆಲ್ಲ ತೆಗೆದು ಅಂಗೈ ಒತ್ತಿ ನೋಡಿ. ತಣ್ಣಗಿರಬೇಕು, ಆದರೆ ಕೈ ಒದ್ದೆಯಾಗಬಾರದು. ಅದು ಸರಿಯಾದ ಹದ.

ನಸುಕಿಗೇ ಶುರು ಮಾಡಿ. ಸಿಮೆಂಟ್ ಗಟ್ಟಿಯಾಗುವುದು ರಾಸಾಯನಿಕ ಕ್ರಿಯೆ, ಬಿಸಿ ಏರಿದಷ್ಟೂ ಅದು ಓಡುತ್ತದೆ. ತಂಪಿನಲ್ಲಿ ನಾಲ್ಕು ಗಂಟೆ ಸಿಗುವ ಕರಣೆ ಕೆಲಸಕ್ಕೆ ಉರಿಬಿಸಿಲಲ್ಲಿ ಒಂದೂವರೆ ಗಂಟೆಯೂ ಸಿಗದಿರಬಹುದು. ಕೊಳದ ಮೇಲೆ ಎತ್ತರದಲ್ಲಿ ನೆರಳಿನ ಬಲೆ ಕಟ್ಟಿ. ಟಾರ್ಪಾಲನ್ನು ತಗ್ಗಿಗೆ ಕಟ್ಟಬೇಡಿ. ಕೆಳಗೆ ಬಿಸಿ ಕಟ್ಟಿಕೊಳ್ಳುತ್ತದೆ, ತೇವದ ಗಾಳಿ ಅದರ ಒಳಮೈಗೆ ಹನಿಗಟ್ಟುತ್ತದೆ. ಆ ಹನಿ ಒಂದೊಂದಾಗಿ ಹಸಿ ಗಾರೆಯ ಮೇಲೆ ಬಿದ್ದು ಸಿಡುಬಿನ ಕಲೆಯ ಹಾಗೆ ಗುಳಿ ಮಾಡುತ್ತದೆ. ಟಾರ್ಪಾಲ್ ಮಡಚಿ ಪಕ್ಕದಲ್ಲಿರಲಿ, ಮಳೆ ಬಂದರೆ ಎಳೆಯಲು. ಸುತ್ತಲಿನ ನೆಲದ ನೀರು ಒಳಗೆ ಹರಿಯದಂತೆ ಕೊಳದ ಅಂಚಿಗೆ ಮರಳುಚೀಲ ಜೋಡಿಸಿ.

ಕಲಸುವ ನೀರು ತಣ್ಣಗಿರಲಿ. ಬಿಸಿಲಲ್ಲಿ ಬಿದ್ದಿದ್ದ ಪೈಪಿನಿಂದ ಮೊದಲು ಬರುವ ನೀರು ಸ್ನಾನದ ನೀರಿನಷ್ಟು ಕಾದಿರುತ್ತದೆ. ಅದನ್ನು ಚೆಲ್ಲಿ ಆಮೇಲೆ ಹಿಡಿಯಿರಿ. ಡ್ರಮ್ಮಿಗೆ ಐಸ್ ಹಾಕಬಹುದು, ಪೂರ್ತಿ ಕರಗಿದ ಮೇಲೆ ಬಳಸಿ. ಪ್ರತಿ ಸಲವೂ ಅಳೆದೇ ಸುರಿಯಬೇಕು, ಚೀಲದ ಮೇಲೆ ಬರೆದಷ್ಟೇ. ಗಾರೆ ಬಿಗಿಯಾಯಿತು ಅಂತ ಒಂದು ಚೊಂಬು ಜಾಸ್ತಿ ಹಾಕಿದರೆ ಕೈಗೆ ಸಲೀಸಾಗುತ್ತದೆ ನಿಜ. ಆ ಹೆಚ್ಚಿನ ನೀರು ಆರಿದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಉಳಿಯುತ್ತದೆ. ಗಾರೆ ಸೊರಗುವುದು ಅಲ್ಲಿಂದಲೇ. ಗಾರೆ ಬೇಗ ಗಟ್ಟಿಯಾಗಲಿ ಅಂತ ಕೆಲವರು ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸುತ್ತಾರೆ. ಅದು ಚಳಿ ಊರಿನ ಔಷಧಿ. ಸೆಕೆಯಲ್ಲಿ ಬೇಡವೇ ಬೇಡ, ಬಣ್ಣವೂ ಮಚ್ಚೆ ಮಚ್ಚೆಯಾಗುತ್ತದೆ.

ಗೋಡೆ ಮೊದಲು, ತಳ ಕೊನೆಗೆ. ಮೊದಲು ತೆಳುವಾಗಿ ಒತ್ತಿ ಒಂದು ಪದರ, ಅದು ಹಸಿ ಇರುವಾಗಲೇ ಎರಡನೆಯದು. ಒಟ್ಟು 10ರಿಂದ 12 ಮಿಲಿಮೀಟರ್. ಕೆಲಸ ಒಂದೇ ದಿನದಲ್ಲಿ, ನಿಲ್ಲಿಸದೆ ಮುಗಿಯಬೇಕು. ಅದಕ್ಕೆ ಬೇಕಾದಷ್ಟು ಕೈ ಇಲ್ಲದಿದ್ದರೆ ಶುರುವೇ ಮಾಡಬೇಡಿ.

ಈಗ ಕರಣೆಯ ಹತ್ತಿರ ಬನ್ನಿ. ಗಾರೆ ಬಳಿದ ಮೇಲೆ ಸ್ವಲ್ಪ ನೀರು ಮೇಲಕ್ಕೆ ಬಂದು ಮೈ ಹೊಳೆಯುತ್ತದೆ. ಆ ಹೊಳಪು ಹೋಗುವ ತನಕ ಗಟ್ಟಿಯಾಗಿ ಉಜ್ಜಬಾರದು. ಬೆರಳು ಒತ್ತಿ ನೋಡಿ. ಗುರುತು ಬೀಳಬೇಕು, ಬೆರಳಿಗೆ ಗಾರೆ ಅಂಟಬಾರದು. ಆಗ ಉಕ್ಕಿನ ಕರಣೆ ಒತ್ತಿ ಎಳೆಯುವ ಹೊತ್ತು. ಒಣ ಗಾಳಿಯಲ್ಲಿ ಈ ಹೊತ್ತು ಬೇಗ ಬರುತ್ತದೆ, ತೇವದ ಗಾಳಿಯಲ್ಲಿ ತಡ. ಸೆಕೆಯೂ ತೇವವೂ ಇರುವ ಕಡೆ ಎರಡೂ ಒಟ್ಟಿಗೆ ಆಟ ಆಡುತ್ತವೆ. ನೆರಳಿನ ಗೋಡೆ ಇನ್ನೂ ಬೆವರುತ್ತಿರುವಾಗ ಬಿಸಿಲು ತಾಗಿದ ಗೋಡೆ ಬಿಗಿದುಕೊಂಡಿರುತ್ತದೆ. ಒಬ್ಬ ಅನುಭವಿ ಬರೀ ಇದನ್ನೇ ಸುತ್ತಿ ನೋಡುತ್ತಿರಬೇಕು.

ಇಲ್ಲಿ ಎರಡು ಅಡ್ಡದಾರಿ ಇವೆ, ಎರಡನ್ನೂ ಕಣ್ಣಾರೆ ನೋಡಿದ್ದೇನೆ. ಬೆವರುತ್ತಿರುವ ಕಡೆ ಒಣ ಸಿಮೆಂಟ್ ಉದುರಿಸಿ ಉಜ್ಜುವುದು ಒಂದು. ಬಿಗಿದ ಕಡೆ ಕುಂಚದಲ್ಲಿ ನೀರು ಚಿಮುಕಿಸಿ ಉಜ್ಜುವುದು ಇನ್ನೊಂದು. ಆ ದಿನ ಎರಡೂ ಕನ್ನಡಿಯ ಹಾಗೆ ಕಾಣುತ್ತವೆ. ಆಮೇಲೆ ಮೊದಲನೆಯದು ಹಪ್ಪಳದ ಹಾಗೆ ಏಳುತ್ತದೆ, ಎರಡನೆಯದರಲ್ಲಿ ಜೇಡರಬಲೆಯ ಬಿರುಕೂ ಮಚ್ಚೆಯೂ ಬರುತ್ತವೆ. ಕೊಳದ ಅಂಚಿನಲ್ಲಿ ನೀರಿನ ಬಕೆಟ್ ಮತ್ತು ಕುಂಚ ಕಂಡರೆ ಯಾಕೆ ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ.

ತುಂಬುವುದು

ಹೊಸ ಗಾರೆಗೆ ನೀರೇ ಕ್ಯೂರಿಂಗ್. ಗಾರೆ ಗಟ್ಟಿಯಾದ ಮೇಲೆ, ಚೀಲದಲ್ಲಿ ಹೇಳಿದ ಹೊತ್ತಿಗೆ ಶುರು ಮಾಡಿ. ಸಾಮಾನ್ಯವಾಗಿ ಅದೇ ರಾತ್ರಿಯಿಂದ ಮರುದಿನದೊಳಗೆ. ಅಲ್ಲಿಯ ತನಕ ಮೈ ಒಣಗಲು ಬಿಡಬೇಡಿ, ಮಂಜಿನಂಥ ಹನಿ ಸಿಂಪಡಿಸುತ್ತಿರಿ. ಬೆಣಚುಕಲ್ಲಿನ ಗಾರೆಯಾದರೆ ಮೇಲಿನ ಸಿಮೆಂಟ್ ತೊಳೆದು ಕಲ್ಲು ಹೊರಗೆ ಕಾಣಿಸುವ ಕೆಲಸ ಮೊದಲು ಮುಗಿಯಬೇಕು.

ಯಾವ ನೀರು ಅನ್ನುವುದನ್ನು ವಾರದ ಮುಂಚೆಯೇ ನೋಡಿ. ಬಿಳಿ ಬಕೆಟ್‌ಗೆ ಆ ನೀರು ತುಂಬಿ ಸ್ವಲ್ಪ ಕ್ಲೋರಿನ್ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕಂದು ಬಣ್ಣ ಬಂದಿದ್ದರೆ ನೀರಲ್ಲಿ ಕಬ್ಬಿಣ ಇದೆ. ಬೋರ್‌ವೆಲ್ ನೀರಲ್ಲಿ ಇದು ಮಾಮೂಲಿ. ಹೊಸ ಬಿಳಿ ಮೈಯ ಮೇಲೆ ಆ ಕಲೆ ಕೂತರೆ ತೆಗೆಯುವುದು ಕಷ್ಟ. ಬೇರೆ ನೀರು ಹುಡುಕಿ, ಇಲ್ಲವೇ ಲೋಹ ಹಿಡಿದಿಡುವ ರಾಸಾಯನಿಕವನ್ನು ತುಂಬುವಾಗಲೇ ಹಾಕಿ.

ಪೈಪಿನ ತುದಿಗೆ ಹಳೇ ಟವೆಲ್ ಸುತ್ತಿ, ಆಳದ ಕಡೆಯ ತಳದಲ್ಲಿ ಮಲಗಿಸಿ. ಶುರು ಮಾಡಿದ ಮೇಲೆ ನೀರು ಅಂಚಿನ ನೀರಿನ ಗೆರೆಯ ಟೈಲ್ಸ್‌ನ ಅರ್ಧಕ್ಕೆ ಬರುವ ತನಕ ನಿಲ್ಲಿಸಬಾರದು. ನನ್ನ ಕೊಳದಲ್ಲಿ ರಾತ್ರಿ ಎರಡು ಗಂಟೆಗೆ ನಿದ್ದೆ ತಡೆಯದೆ ನಲ್ಲಿ ತಿರುಗಿಸಿ ಮಲಗಿದೆ. ಬೆಳಿಗ್ಗೆ ಮತ್ತೆ ಬಿಟ್ಟೆ. ಮೊಣಕಾಲೆತ್ತರದಲ್ಲಿ ಸುತ್ತಲೂ ಒಂದು ಮಸುಕು ಉಂಗುರ ಇವತ್ತಿಗೂ ಇದೆ. ಲೆಕ್ಕ ಮೊದಲೇ ಹಾಕಿ: ಮೇಲಿನ ಅಳತೆಯ ಕೊಳಕ್ಕೆ ಸುಮಾರು 45,000 ಲೀಟರ್ ಬೇಕು. ನಿಮಿಷಕ್ಕೆ 30 ಲೀಟರ್ ಬಂದರೆ 25 ಗಂಟೆ. ಕರೆಂಟ್ ಹೋದರೆ ಏನು ಮಾಡುವುದು, ಸರದಿ ಯಾರು ಕಾಯುವುದು ಅಂತ ಈಗಲೇ ಮಾತಾಡಿಕೊಳ್ಳಿ. ಟ್ಯಾಂಕರ್ ನೀರಾದರೆ ಅದರ ರಭಸ ಗಾರೆಗೆ ನೇರ ಬೀಳಬಾರದು. ಪೈಪಿಂದ 60 ಸೆಂಟಿಮೀಟರಿನಷ್ಟು ನಿಲ್ಲಿಸಿಕೊಂಡು ಆಮೇಲೆ ಟ್ಯಾಂಕರ್ ಬಿಡಿ. ತುಂಬುವಾಗ ಯಾರೂ ಇಳಿಯಬಾರದು, ನಾಯಿಯೂ ಸೇರಿ.

ಮೊದಲ 28 ದಿನ

ಗಾರೆ ನೀರಿನೊಳಗೂ ಗಟ್ಟಿಯಾಗುತ್ತಲೇ ಇರುತ್ತದೆ. ಆಗ ಅದರಿಂದ ಸುಣ್ಣ ನೀರಿಗೆ ಬಿಡುತ್ತದೆ, ಪಿಎಚ್ ದಿನಾ ಏರುತ್ತದೆ, ಮೈ ಮೇಲೆ ಬಿಳಿ ಹುಡಿ ಕೂರುತ್ತದೆ. ಪಂಪ್ ಮೊದಲ ಮೂರು ದಿನ ಹಗಲೂ ರಾತ್ರಿ ಓಡಲಿ. ನೈಲಾನ್ ಬ್ರಶ್‌ನಲ್ಲಿ ದಿನಕ್ಕೆ ಎರಡು ಸಲ, ಎರಡು ವಾರ, ಇಡೀ ಕೊಳ ಉಜ್ಜಿ. ಉಕ್ಕಿನ ಬ್ರಶ್ ಬೇಡ. ಉಜ್ಜದೆ ಬಿಟ್ಟ ಹುಡಿ ಅಲ್ಲೇ ಗಟ್ಟಿಯಾಗಿ ಮತ್ತೆ ಒರಟು ಮೈ ಆಗುತ್ತದೆ. ಹುಡಿ ಫಿಲ್ಟರ್ ಕಟ್ಟಿಸುತ್ತದೆ, ಒತ್ತಡದ ಮುಳ್ಳು ನೋಡುತ್ತಾ ತೊಳೆಯುತ್ತಿರಿ.

ಪಿಎಚ್ 7.2ರಿಂದ 7.6, ಕ್ಷಾರತೆ 80ರಿಂದ 120 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಅಷ್ಟು ಪಾಲು), ಕ್ಯಾಲ್ಸಿಯಂ ಗಡಸುತನ 200ರಿಂದ 400 ಪಿಪಿಎಂ ಇರಲಿ. ಪಿಎಚ್ ಇಳಿಸುವ ಆಸಿಡನ್ನು ಬಕೆಟ್ ನೀರಲ್ಲಿ ಕರಗಿಸಿ, ಸ್ವಲ್ಪ ಸ್ವಲ್ಪವಾಗಿ, ಆಳದ ಕಡೆ ಸುತ್ತಾಡಿಸಿ ಹಾಕಿ. ಕ್ಲೋರಿನ್ ಎರಡು ಮೂರು ದಿನ ಬಿಟ್ಟು ಶುರು ಮಾಡಿ, ಅದೂ ದ್ರವ ರೂಪದ್ದು. ಮಾತ್ರೆ ತಳಕ್ಕೆ ಬಿದ್ದರೆ ಆ ಜಾಗವನ್ನೇ ತಿನ್ನುತ್ತದೆ. ಬಿಸಿಲು ಕ್ಲೋರಿನ್ ಅನ್ನು ಕೆಲವೇ ಗಂಟೆಯಲ್ಲಿ ಖಾಲಿ ಮಾಡುವುದರಿಂದ, ಅದನ್ನು ಬಿಸಿಲಿನಿಂದ ಕಾಯುವ ಸಯನ್ಯೂರಿಕ್ ಆಸಿಡ್ 30ರಿಂದ 50 ಪಿಪಿಎಂ ಬೇಕು.

ನೀರು ಸುಣ್ಣ ಕಟ್ಟುತ್ತದೋ, ಗಾರೆ ತಿನ್ನುತ್ತದೋ ಅಂತ ತಿಳಿಯಲು ಲ್ಯಾಂಗೆಲಿಯರ್ ಸೂಚ್ಯಂಕ ಅಂತ ಒಂದು ಲೆಕ್ಕ ಇದೆ. ವಿಲ್ಫ್ರೆಡ್ ಲ್ಯಾಂಗೆಲಿಯರ್ 1936ರಲ್ಲಿ ಇದನ್ನು ಪ್ರಕಟಿಸಿದ್ದು ಊರಿನ ನೀರಿನ ಪೈಪುಗಳಿಗಾಗಿ, ಈಗ ಕೊಳದವರೂ ಬಳಸುತ್ತಾರೆ. ಮೈನಸ್ 0.3ರಿಂದ ಪ್ಲಸ್ 0.3ರೊಳಗೆ ಇದ್ದರೆ ಒಳ್ಳೆಯದು. ನಮಗೆ ಮುಖ್ಯವಾದ್ದು ಇದು: ನೀರು ಬಿಸಿಯಾದಷ್ಟೂ ಅದೇ ಪಿಎಚ್, ಅದೇ ಕ್ಯಾಲ್ಸಿಯಂನಲ್ಲಿ ಸುಣ್ಣ ಕಟ್ಟುವ ಕಡೆಗೆ ವಾಲುತ್ತದೆ. ಸೆಕೆಗಾಲದಲ್ಲಿ ಪಿಎಚ್ ಮತ್ತು ಕ್ಷಾರತೆ ಮೇಲೆ ಹೇಳಿದ ಮಿತಿಯ ಕಡಿಮೆ ಅಂಕಿಯ ಹತ್ತಿರ ಇರಲಿ. ಜೋರು ಮಳೆ ಬಂದರೆ ಉಲ್ಟಾ. ಮಳೆನೀರಲ್ಲಿ ಕ್ಯಾಲ್ಸಿಯಂ ಇಲ್ಲ, ಕೊಳದ ನೀರು ತೆಳ್ಳಗಾಗಿ ಗಾರೆಯಿಂದಲೇ ಅದನ್ನು ಎಳೆದುಕೊಳ್ಳುತ್ತದೆ. ಪ್ರತಿ ದೊಡ್ಡ ಮಳೆಯ ಮರುದಿನ ಪರೀಕ್ಷೆ ಮಾಡಿ.

ಹುಡಿ ನಿಂತು ಅಂಕಿಗಳು ಸರಿಯಾದ ಮೇಲೆ ಈಜಬಹುದು, ಕಡಿಮೆ ಅಂದರೂ ಒಂದು ವಾರ ಕಾಯಿರಿ. ಚಕ್ರ ಇರುವ ಕ್ಲೀನರ್, ಉಪ್ಪು, ಹೀಟರ್ ಎಲ್ಲ 28 ದಿನದ ಮೇಲೆ.

ಟೈಲ್ಸ್ ಅಥವಾ ಪೇಂಟ್ ಆದರೆ

ಟೈಲ್ಸ್‌ಗೆ ಕೆತ್ತುವ ತನಕ ಎಲ್ಲ ಒಂದೇ. ಆಮೇಲೆ ಸಿಮೆಂಟ್ ಆಧಾರದ ಎರಡು ಕೋಟ್ ವಾಟರ್‌ಪ್ರೂಫಿಂಗ್. ಅದು ಗಟ್ಟಿಯಾದ ಮೇಲೆ ನೀರು ತುಂಬಿ 48ರಿಂದ 72 ಗಂಟೆ ಬಿಟ್ಟು ಸೋರಿಕೆ ನೋಡಿ, ಟೈಲ್ಸ್ ಅದರ ನಂತರವೇ. ಟೈಲ್ಸ್ ಹಿಂದೆ ಅಂಟು ಪೂರ್ತಿ ಹರಡಬೇಕು. ಆಗಾಗ ಒಂದನ್ನು ಕಿತ್ತು ಬೆನ್ನು ನೋಡಿ, ಖಾಲಿ ಜಾಗ ಕಂಡರೆ ಅಲ್ಲಿ ನೀರು ನಿಲ್ಲುತ್ತದೆ. ಟೈಲ್ಸ್ ಸಂದು ತುಂಬುವ ಎಪಾಕ್ಸಿ ಗ್ರೌಟ್ ಸೆಕೆಯಲ್ಲಿ ಬಕೆಟ್‌ನಲ್ಲೇ ಕಲ್ಲಾಗುತ್ತದೆ, ಸ್ವಲ್ಪ ಸ್ವಲ್ಪವೇ ಕಲಸಿ. ತುಂಬುವ ಮುಂಚೆ ಎರಡು ಮೂರು ವಾರ ಬಿಡಿ. ಇಲ್ಲಿ ನೀರು ನಿಧಾನ ಏರಬೇಕು, ದಿನಕ್ಕೆ 60–70 ಸೆಂಟಿಮೀಟರ್ ಸಾಕು. ಗಾರೆಯ ನಿಯಮಕ್ಕೆ ಪೂರ್ತಿ ಉಲ್ಟಾ, ಮರೆಯಬೇಡಿ.

ಎಪಾಕ್ಸಿ ಪೇಂಟ್‌ಗೆ ತೇವವೇ ಶತ್ರು. ಒಂದು ಮೊಳ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಲ್ಲಿ ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕೆಳಗೆ ಹನಿ ಕಂಡರೆ ಕಾಂಕ್ರೀಟ್ ಇನ್ನೂ ಒಣಗಿಲ್ಲ. ಗಾಳಿಯ ತೇವ ಶೇಕಡಾ 85 ದಾಟಿದ ದಿನ ಬಳಿಯಬೇಡಿ. ಸಂಜೆ ಬಳಿದರೆ ರಾತ್ರಿಯ ಇಬ್ಬನಿಗೆ ಮೇಲೆ ಬಿಳಿಚುಕ್ಕೆ ಏಳುತ್ತದೆ. ಇಬ್ಬನಿ ಆರಿದ ಮೇಲೆ ಶುರು ಮಾಡಿ ಮಧ್ಯಾಹ್ನಕ್ಕೆ ಕುಂಚ ತೊಳೆಯಿರಿ.

ಎಲ್ಲ ಮುಗಿದ ಮೇಲೆ ಒಂದು ಖಾಲಿ ಚೀಲದ ಲೇಬಲ್ ಕತ್ತರಿಸಿ ಪಂಪ್ ಕೋಣೆಯಲ್ಲಿ ಅಂಟಿಸಿ, ಪಕ್ಕದಲ್ಲಿ ಬ್ಯಾಚ್ ನಂಬರ್, ಬಳಿದ ತಾರೀಖು, ತುಂಬಿದ ತಾರೀಖು ಬರೆಯಿರಿ. ಸುತ್ತಿಗೆ ಹಿಡಿದು ತೆಗೆದ ಆ ಫೋಟೊಗಳನ್ನೂ ಅಳಿಸಬೇಡಿ. ಮುಂದೆ ಎಲ್ಲಾದರೂ ‘ಬದ್’ ಅಂದರೆ ಅದು ಹಳೇ ಜಾಗವೋ ಹೊಸದೋ ಅಂತ ಹೇಳುವುದು ಅವೇ.